ಬಾದಾಮಿ ಹಾಲಿನ ಪರೀಕ್ಷೆ

ಪಕ್ಕದ ಮನೆಯವರ ಮೇಲೆ ಹೊಟ್ಟೆಕಿಚ್ಚಾದರೆ ಬಾಗಿಲು ಹಾಕಿಕೊಂಡು ಸುಮ್ಮನಿರಬಹುದು. ನನಗೆ ಆಗಿದ್ದು ಗಂಡನ ಮೇಲೆ. ಅವನು ಬಾಗಿಲ ಒಳಗೇ ಇರುತ್ತಿದ್ದ, ನಾನು ಮಾಡಿದ ಉಪ್ಪಿಟ್ಟನ್ನೇ ತಿನ್ನುತ್ತಿದ್ದ.

ಇಬ್ಬರೂ ವಡೋದರಾದ ಅಲ್ಕಾಪುರಿಯಲ್ಲಿದ್ದ ಒಂದೇ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದೆವು. ಮದುವೆಯಾಗಿ, ಬೆಂಗಳೂರು ಬಿಟ್ಟು, ಗುಜರಾತಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎರಡು ಸಾವಿರದ ಇಸವಿಯ ಆಚೀಚೆಯ ಕಾಲ. ಅಂಗಡಿ, ಕಾರ್ಖಾನೆಗಳೆಲ್ಲ ಲೆಕ್ಕಪತ್ರವನ್ನು ಕಂಪ್ಯೂಟರಿಗೆ ಹಾಕಿ, ಅದು ನಿಧಾನವಾದಾಗಲೆಲ್ಲ ನಮಗೆ ಫೋನ್ ಮಾಡಿ ಬೈಯುತ್ತಿದ್ದವು. ಬೈಗುಳ ಬರುವ ಮೊದಲೇ ಸಾಫ್ಟ್‌ವೇರ್ ಎಲ್ಲಿ ಏದುಸಿರು ಬಿಡುತ್ತಿದೆ ಎಂದು ಕಂಡುಹಿಡಿಯುವ ಉಪಕರಣವೊಂದು ಹೊರದೇಶದಿಂದ ಬಂದಿತ್ತು. ಅದನ್ನು ಬಳಸಬಲ್ಲೆವೆಂದು ತೋರಿಸಲು ಒಂದು ಸರ್ಟಿಫಿಕೇಟ್ ಪರೀಕ್ಷೆ. ನಮ್ಮ ಮಾಲೀಕರು ಇಬ್ಬರಿಂದಲೂ ಅದನ್ನು ಕಟ್ಟಿಸಿದರು. ಪಾಸಾದವರಲ್ಲಿ ಒಬ್ಬರನ್ನು ಹೊಸ ನಿಗಾ ವಿಭಾಗದ ಮುಖ್ಯಸ್ಥರನ್ನಾಗಿ ಮಾಡುತ್ತೇನೆಂದೂ ಹೇಳಿದರು. ಕುರ್ಚಿ ಒಂದು, ಓದುವವರು ಇಬ್ಬರು. ನನಗೆ ಆ ಕುರ್ಚಿ ಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ನನಗೆ ಆಗಲೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಮಗನಿಗೆ ಪರೀಕ್ಷೆ ಎಂದು ತಿಳಿದದ್ದೇ ತಡ, ಅತ್ತೆ ಕುಂದಾಪುರದಿಂದ ರೈಲು ಹತ್ತಿದರು. ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಬಾದಾಮಿ ಎಲ್ಲ ಜೊತೆಗೆ ಬಂದವು. ಒಳ್ಳೆಯ ಹೆಂಗಸು. ನನ್ನನ್ನು ಒಂದು ದಿನವೂ ಗದರಿದವರಲ್ಲ. ಬಾಲ್ಕನಿಗೆ ತೆರೆದುಕೊಳ್ಳುವ, ಗಾಳಿಯಾಡುವ ಕೋಣೆಯನ್ನು ಗುಡಿಸಿ ಒರೆಸಿ ಮಗನಿಗೆ ಬಿಟ್ಟುಕೊಟ್ಟರು. ಸಂಜೆ ಕೇಸರಿ ಹಾಕಿದ ಬಾದಾಮಿ ಹಾಲು ಒಂದೇ ಒಂದು ಲೋಟ ತಯಾರಾಗಿ ಆ ಕೋಣೆಗೆ ಹೋಗುತ್ತಿತ್ತು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು, ಕುಕ್ಕರಿನ ಸೀಟಿಯ ನಡುವೆ ಓದುತ್ತಿದ್ದೆ. ಒಮ್ಮೆ ಪಾತ್ರೆ ಜೋರಾಗಿ ಇಟ್ಟೆ, ಬೇಕೆಂದೇ ಇಟ್ಟೆ.

"ಸದ್ದ್ ಮಾಡ್ಬೇಡ ಮಗಾ, ಅಂವ ಓದ್ತಾ ಇದ್ದ" ಎಂದರು ಅತ್ತೆ, ಬಹಳ ಮೃದುವಾಗಿ.

ನನಗೂ ಅದೇ ಪರೀಕ್ಷೆ ಎಂದೆ. ಹೌದಾ ಎಂದು ಆಶ್ಚರ್ಯಪಟ್ಟು, ನನ್ನ ಕೈಯಿಂದ ಸೌಟು ತೆಗೆದುಕೊಂಡು ಸಾರು ತಾವೇ ಕುದಿಸಿದರು. ಮರುದಿನ ಮತ್ತೆ ಮರೆತಿದ್ದರು. ಗಂಡನಿಗೋ ಇದು ಯಾವುದೂ ಕಣ್ಣಿಗೇ ಬೀಳಲಿಲ್ಲ. ಹಾಲು ಬಂತು, ಕುಡಿದ. ಬೇಕೆಂದು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಪರೀಕ್ಷೆಗೆ ಮೊದಲು ಒಂದು ಪ್ರಾಯೋಗಿಕ ವರದಿ ಕೊಡಬೇಕಿತ್ತು. ಯಾವುದಾದರೂ ಗಿರಾಕಿಯ ಸಾಫ್ಟ್‌ವೇರನ್ನು ಕೆಲವು ದಿನ ಗಮನಿಸಿ, ಸಾಮಾನ್ಯ ದಿನದಲ್ಲಿ ಅದರ ಓಟ ಹೇಗಿರುತ್ತದೆಂದು ಗೊತ್ತುಮಾಡುವುದು. ಆ ಅಳತೆ ಮೀರಿದಾಗ ಅಲಾರಾಂ ಹೊಡೆಯುವಂತೆ ಮಾಡುವುದು. ಮಾಲೀಕರು ಕೆಲಸ ಹಂಚಿದರು. ಗಂಡನಿಗೆ ಸೂರತ್ ಸಿಕ್ಕಿತು: ವರಾಛಾದ ದೊಡ್ಡ ಕಟ್ಟಡವೊಂದರಲ್ಲಿ ವಜ್ರದ ವ್ಯಾಪಾರಿಗಳೆಲ್ಲ ಸೇರಿ ಬಳಸುತ್ತಿದ್ದ ದಾಸ್ತಾನಿನ ಸಾಫ್ಟ್‌ವೇರ್, ಅದಕ್ಕೊಂದು ತಣ್ಣನೆಯ ಸರ್ವರ್ ಕೋಣೆ. ನನಗೆ ಸಿಕ್ಕಿದ್ದು ಅಲ್ಕಾಪುರಿಯಲ್ಲೇ ಒಂದು ಸೀರೆ ಅಂಗಡಿಯ ಬಿಲ್ಲಿಂಗ್. ಅವನಿಗೆ ವಜ್ರ, ನನಗೆ ಫಾಲ್ ಮತ್ತು ಬ್ಲೌಸ್ ಪೀಸ್. ಆ ದಿನ ಅವನೊಂದಿಗೆ ಮಾತಾಡದೆ ಮನೆಗೆ ನಡೆದೇ ಬಂದೆ.

ದೀಪಾವಳಿ ಬಂದಿತ್ತು. ಗಂಡ ಸೂರತ್‌ಗೆ ಹೋದ. ವರಾಛಾದಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದ ಅವನ ಅಣ್ಣ ಹಬ್ಬಕ್ಕೆಂದು ಊರಿಗೆ ಹೋಗುವಾಗ ಮನೆಯ ಬೀಗದ ಕೈ ಬಿಟ್ಟು ಹೋಗಿದ್ದರು. ಅಲ್ಲಿಂದ ಫೋನ್ ಮಾಡಿದಾಗಲೆಲ್ಲ ಅವನದು ಒಂದೇ ಹಾಡು: ಗಲಾಟೆಯಿಲ್ಲ, ರಸ್ತೆ ಖಾಲಿ, ಸಾಫ್ಟ್‌ವೇರ್ ಬೆಣ್ಣೆಯಂತೆ ಓಡುತ್ತಿದೆ, ಅಳತೆಗಳನ್ನೆಲ್ಲ ಆಗಲೇ ಗೊತ್ತುಮಾಡಿ ಮುಗಿಸಿದ್ದೇನೆ. ಅತ್ತೆ ಪಕ್ಕದಲ್ಲಿ ನಿಂತು ಕೇಳಿ ದೇವರಿಗೆ ಕೈಮುಗಿಯುತ್ತಿದ್ದರು.

ನನ್ನ ಸೀರೆ ಅಂಗಡಿಯ ಶಟರ್ ಎಳೆದೇ ಇತ್ತು. ಅಂಗಡಿಯ ಸೇಠ್‌ರ ಮನೆಗೆ ಹೋಗಿ ಬೇಡಿಕೊಂಡೆ. ಅವರು ಫರಸಾಣ್ ಎಂಬ ಕುರುಕಲು ತಿಂಡಿಯ ತಟ್ಟೆ ಮುಂದಿಟ್ಟು, ದೀಪಾವಳಿ ಕಳೆದು ಐದನೆಯ ದಿನದ ಲಾಭ ಪಂಚಮಿಯವರೆಗೆ ಇಲ್ಲಿ ಯಾವ ವ್ಯಾಪಾರಿಯೂ ಗಲ್ಲಾ ಮುಟ್ಟುವುದಿಲ್ಲ, ಆ ದಿನ ಮುಹೂರ್ತಕ್ಕೆ ಸರಿಯಾಗಿ ಹೊಸ ವರ್ಷದ ಮೊದಲ ಬಿಲ್ಲು ಹಾಕುತ್ತೇವೆ, ಆಗ ಬಾ ಎಂದು ಸಮಾಧಾನ ಹೇಳಿದರು. ನಮ್ಮ ದಾವಣಗೆರೆಯಲ್ಲಿ ಪೂಜೆಯ ಕುಂಬಳಕಾಯಿ ಒಡೆದ ಮರುದಿನವೇ ಅಂಗಡಿ ತೆಗೆಯುತ್ತಾರೆ. ಇಲ್ಲಿ ಇಷ್ಟು ದಿನ ಕಾಯಬೇಕಲ್ಲ ಎಂದು ಮೈಯೆಲ್ಲ ಉರಿಯಿತು. ಅವನ ವರದಿ ಮುಗಿದಿದೆ, ನನ್ನದು ಶುರುವೇ ಆಗಿಲ್ಲ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಲಾಭ ಪಂಚಮಿಯ ಬೆಳಿಗ್ಗೆ ಅಂಗಡಿಗೆ ಹೋದೆ. ಕೀಬೋರ್ಡಿಗೆ ಕುಂಕುಮ ಹಚ್ಚಿ, ಮಾನಿಟರಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಮುಹೂರ್ತ ಬಂದಾಗ ಸೇಠ್ ಮೊದಲ ಬಿಲ್ಲು ಒತ್ತಿದರು, ಎಲ್ಲರ ಬಾಯಿಗೂ ಪೇಡಾ ಬಿತ್ತು. ನನ್ನ ಬಾಯಲ್ಲಿ ಪೇಡಾ ಇರುವಾಗಲೇ ಅಂಗಡಿಯ ಫೋನ್ ಬಡಿದುಕೊಂಡಿತು. ಗಂಡ. ಮನೆಗೆ ಫೋನ್ ಮಾಡಿ, ಅಮ್ಮನಿಂದ ವಿಷಯ ತಿಳಿದು ಇಲ್ಲಿಗೆ ಮಾಡಿದ್ದ. ಎಲ್ಲ ಅಲಾರಾಂಗಳೂ ಒಟ್ಟಿಗೆ ಹೊಡೆದುಕೊಂಡವಂತೆ, ಸಾಫ್ಟ್‌ವೇರ್ ಸತ್ತೇ ಹೋಗುತ್ತದೆಂದು ಹೆದರಿ ಸರ್ವರನ್ನು ಆರಿಸಿ ಮತ್ತೆ ಹಚ್ಚಿದನಂತೆ, ಈಗ ವ್ಯಾಪಾರಿಗಳು ಸರ್ವರ್ ಕೋಣೆಯ ಬಾಗಿಲು ಬಡಿಯುತ್ತಿದ್ದಾರಂತೆ.

"ಸಾಮಾನ್ಯ ದಿನ ಅಂತ ಯಾವ ವಾರ ಅಳತೆ ತಗೊಂಡಿದ್ದಿ?" ಎಂದು ಕೇಳಿದೆ.

"ಇದೇ ದೀಪಾವಳಿ ವಾರ."

ಕಟ್ಟಡದ ಅಷ್ಟೂ ವ್ಯಾಪಾರಿಗಳು ಒಂದೇ ಮುಹೂರ್ತಕ್ಕೆ ವರ್ಷದ ಮೊದಲ ಲೆಕ್ಕ ಒತ್ತಿದ್ದರು. ಅಂಗಡಿಗಳು ಮಲಗಿದ್ದ ವಾರವನ್ನು ಅಳತೆಗೋಲು ಮಾಡಿಕೊಂಡಿದ್ದ ಗಂಡನಿಗೆ ಅದು ಪ್ರಳಯವಾಗಿ ಕಂಡಿತ್ತು. ಸರಿಯಾಗಿ ಆ ಶುಭಗಳಿಗೆಯಲ್ಲೇ ಅವನು ಯಂತ್ರ ಆರಿಸಿದ್ದ.

"ಅದು ಕಾಯಿಲೆ ಅಲ್ಲ ಮಾರಾಯಾ, ಹಬ್ಬ" ಎಂದು ಹೇಳಿ ಎಲ್ಲವನ್ನೂ ಬಿಡಿಸಿ ತಿಳಿಸಿದೆ. ಫೋನ್ ಇಟ್ಟ ಮೇಲೆ ಇನ್ನೊಂದು ಪೇಡಾ ಕೇಳಿ ತೆಗೆದುಕೊಂಡೆ. ಅಷ್ಟು ರುಚಿಯಾದ ಪೇಡಾ ನಾನು ಗುಜರಾತಿನಲ್ಲಿ ಮತ್ತೆ ತಿಂದಿಲ್ಲ.

ಅವನು ಹೊಸದಾಗಿ ಅಳತೆ ತೆಗೆದು ವರದಿ ತಿದ್ದಿದ. ನಾನೂ ಸೀರೆ ಅಂಗಡಿಯಲ್ಲಿ ಕೆಲವು ದಿನ ಕೂತು ನನ್ನದನ್ನು ಮುಗಿಸಿದೆ. ಪರೀಕ್ಷೆ ಅಹಮದಾಬಾದಿನಲ್ಲಿತ್ತು. ಮಣಿನಗರ ಸ್ಟೇಷನ್ನಿನಲ್ಲಿ ಇಳಿದು ಒಂದೇ ರಿಕ್ಷಾದಲ್ಲಿ ಹೋದೆವು. ಇಬ್ಬರೂ ಪಾಸಾದೆವು, ಅಂಕ ಅವನದೇ ಹೆಚ್ಚು. ವಾಪಸ್ ಬರುವ ರೈಲಿನಲ್ಲಿ ಅವನು ಶೇಂಗಾ ಸುಲಿದು ಕೊಡುತ್ತಿದ್ದ, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಕುರ್ಚಿ ಕೈತಪ್ಪಿತು ಎಂದೇ ಅಂದುಕೊಂಡಿದ್ದೆ.

ಕೈತಪ್ಪಲಿಲ್ಲ. ಮುಹೂರ್ತ ಕೆಡಿಸಿದ ಹುಡುಗನ ಕೈಗೆ ನಮ್ಮ ಕೆಲಸ ಕೊಡಬೇಡಿ ಎಂದು ಸೂರತ್ತಿನ ವ್ಯಾಪಾರಿಗಳು ಖಡಾಖಂಡಿತವಾಗಿ ಹೇಳಿದ್ದರು. ಮಾಲೀಕರು ನನ್ನನ್ನು ಕರೆದು ವಿಭಾಗದ ಮುಖ್ಯಸ್ಥೆ ಎಂದರು. ಮೆಟ್ಟಿಲಿಳಿಯುವಾಗ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಗೆ ಬಂದು ಅಡುಗೆಮನೆಯಲ್ಲಿದ್ದ ಅತ್ತೆಗೆ ಮೊದಲು ಸುದ್ದಿ ಹೇಳಿದೆ. ಅವರು ಒಳ್ಳೆದಾಯ್ತು ಎಂದು ನನ್ನ ತಲೆ ಸವರಿ, ಒಲೆಯ ಮೇಲೆ ಹಾಲಿಟ್ಟು, ಬಾದಾಮಿ ಅರೆಯಲು ಕುಳಿತರು. ಕೊನೆಗೂ ಎಂದುಕೊಂಡು ನಾನು ಅಲ್ಲೇ ಮಣೆ ಎಳೆದುಕೊಂಡು ಕಾದೆ.

ಕೇಸರಿ ಬಿತ್ತು, ಲೋಟ ತುಂಬಿತು. ಅತ್ತೆ ಸೆರಗಿನಲ್ಲಿ ಲೋಟ ಹಿಡಿದು ನನ್ನನ್ನು ದಾಟಿ ಬಾಲ್ಕನಿ ಕೋಣೆಗೆ ಹೋದರು. ಆಫೀಸಿನಲ್ಲೇ ಸುದ್ದಿ ಕೇಳಿ ನನಗಿಂತ ಮೊದಲೇ ಬಂದಿದ್ದ ಗಂಡ ಅಲ್ಲಿ ಮುಖ ಇಳಿಬಿಟ್ಟು ಕುಳಿತಿದ್ದ.

ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು, "ನನಗೂ ಒಂದು ಲೋಟ ಬೇಕಿತ್ತು" ಎಂದೆ.

ಅತ್ತೆ ನಿಜಕ್ಕೂ ಅರ್ಥವಾಗದೆ ನನ್ನ ಮುಖ ನೋಡಿದರು. "ನಿಂಗೆ ಎಂತಕ್ಕೆ? ನೀನ್ ಗೆದ್ದಿದ್ಯಲ್ಲ" ಎಂದರು.

ಗಂಡ ಲೋಟವನ್ನು ನನ್ನ ಕಡೆ ಸರಿಸಿದ. ನಾನು ಬೇಡ ಅನ್ನಲಿಲ್ಲ. ಪೂರ್ತಿ ಕುಡಿದು, ತಳದಲ್ಲಿ ನಿಂತಿದ್ದ ಬಾದಾಮಿ ಚೂರನ್ನೂ ಬೆರಳಿನಿಂದ ತೆಗೆದು ತಿಂದೆ. ಚೆನ್ನಾಗಿತ್ತು. ಆದರೆ ಅದು ನನಗೆಂದು ಮಾಡಿದ್ದಲ್ಲ.