ಅವಿಗೈಲ್ ಪುಸ್ತಕದ ನಾಲ್ಕು ಪುಟ

ಕೊರೋನಾ ಗಲಾಟೆ ಮುಗಿದ ಮರುವರ್ಷ. ಆಗ ನಾನು ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಮುದ್ರಣಾಲಯದಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಮೈಸೂರಿನಲ್ಲಿ ಕಲಿತ ಕೆಲಸ, ಅಲ್ಲಿನ ಸೌತ್ ಸಿ ಬಡಾವಣೆಯಲ್ಲಿ ಮನೆ, ನಿವೃತ್ತಿಗೆ ಎರಡೇ ವರ್ಷ ಬಾಕಿ. ನಮ್ಮದು ಹೆಚ್ಚಾಗಿ ಔಷಧದ ಡಬ್ಬಿ, ಲೇಬಲ್ಲುಗಳ ಕೆಲಸ. ಪುಸ್ತಕ ಅಪರೂಪ, ಕವಿತೆಯನ್ನಂತೂ ಆ ಮೆಷಿನ್ನುಗಳು ಕಂಡೇ ಇರಲಿಲ್ಲ. ಈ ಪ್ರಸಂಗದಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಅವಿಗೈಲ್ ಹೀಬ್ರೂ ಕವಯಿತ್ರಿ. ಐವತ್ತರ ಆಸುಪಾಸು, ಲ್ಯಾವಿಂಗ್ಟನ್ನಿನ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಹೆಂಗಸರ ಪರವಾಗಿ ಬರೆದು ತಮ್ಮ ದೇಶದಲ್ಲಿ ಬೇಕಾದಷ್ಟು ಬೈಸಿಕೊಂಡವರು. ಅವರ ಧರ್ಮದಲ್ಲಿ ಗಂಡ ಒಪ್ಪಿ ಪತ್ರ ಕೊಟ್ಟರೆ ಮಾತ್ರ ವಿಚ್ಛೇದನವಂತೆ. ಇವರ ಗಂಡ ಒಂಬತ್ತು ವರ್ಷದಿಂದ ಕೊಟ್ಟಿರಲಿಲ್ಲ. ಧರ್ಮ ನ್ಯಾಯಾಲಯಕ್ಕೆ ಅಲೆದದ್ದೇ ಅಲೆದದ್ದು. ಆ ಅಲೆದಾಟವನ್ನೇ ಕವಿತೆ ಮಾಡಿದ್ದರು. ಒಂದು ಪುಟದಲ್ಲಿ ಹೀಬ್ರೂ, ಎದುರು ಪುಟದಲ್ಲಿ ಇಂಗ್ಲಿಷ್.

ಇಲ್ಲಿ ನಮ್ಮ ಕಸುಬಿನ ಒಂದು ಮಾತು. ದೊಡ್ಡ ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ ಅಚ್ಚಾಗುತ್ತದೆ. ಅದನ್ನು ಮಡಚಿದರೆ ಒಂದು ಫಾರಂ. ಪುಸ್ತಕದ ಪುಟಗಳು ಹದಿನಾರರ ಮಗ್ಗಿಯಲ್ಲಿ ಬಂದರೆ ಒಂದು ಪುಟವೂ ಖಾಲಿ ಬೀಳುವುದಿಲ್ಲ. ಅವಿಗೈಲ್ ಪುಸ್ತಕ ಶೀರ್ಷಿಕೆ ಪುಟವೂ ಸೇರಿ ಸರಿಯಾಗಿ ಅರವತ್ನಾಲ್ಕು, ಅಂದರೆ ನಾಲ್ಕು ಫಾರಂ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತ್ತು.

ಪ್ರೂಫ್ ನಮ್ಮ ಯಜಮಾನರ ಮೇಜಿಗೆ ಹೋಯಿತು. ನೈರೋಬಿಯಲ್ಲೇ ಹುಟ್ಟಿ ಬೆಳೆದ ಗುಜರಾತಿ, ಜಾಗರೂಕ ಮನುಷ್ಯ. ಇಂಗ್ಲಿಷ್ ಪುಟಗಳನ್ನು ತಿರುವಿಹಾಕುತ್ತಾ ಒಂದು ಕವಿತೆಯ ಹತ್ತಿರ ನಿಂತರು. ಮೂವರು ಧರ್ಮಾಧಿಕಾರಿಗಳ ಮುಂದೆ ತಲೆ ತಗ್ಗಿಸಿ ನಿಂತ ಹೆಂಗಸಿಗೆ ಅವರ ಬೂಟುಗಳು ಮಾತ್ರ ಕಾಣುತ್ತವೆ. ಇಡೀ ಕವಿತೆ ಆ ಬೂಟುಗಳ ವರ್ಣನೆ. "ಇದು ಬೇಡ. ಪುಸ್ತಕದ ಮೇಲೆ ಮುದ್ರಕರು ಅಂತ ನಮ್ಮ ಹೆಸರಿರುತ್ತೆ. ಹೇಗಾದರೂ ನಿಭಾಯಿಸಿ," ಎಂದರು.

ಆಗುವುದಿಲ್ಲ ಎಂದು ಅವರಿಗೂ ಹೇಳಲಿಲ್ಲ, ಅವಿಗೈಲ್‌ಗೂ ಹೇಳಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದು ನನ್ನ ಜೀವಮಾನದ ನೀತಿ. ಬೂಟಿನ ಕವಿತೆ ಎರಡೂ ಭಾಷೆ ಸೇರಿ ನಾಲ್ಕು ಪುಟ. ಅವಿಗೈಲ್‌ರನ್ನು ಕರೆಸಿ, ಶೀರ್ಷಿಕೆ ಪುಟ ಗಿಟ ಸೇರಿ ಅರವತ್ತೆಂಟಾಗಿದೆ, ಫಾರಮ್ಮಿಗೆ ಕೂರುವುದಿಲ್ಲ, ನಾಲ್ಕು ಪುಟ ತೆಗೆಯಲೇಬೇಕು ಎಂದೆ. ಹಾಳೆ ಮಡಚಿ ತೋರಿಸಿ ಪಾಠವನ್ನೂ ಮಾಡಿದೆ.

ಪುಟ ಜೋಡಿಸುವ ಗ್ರೇಸಿ ಪಕ್ಕದ ಕಂಪ್ಯೂಟರಿನಲ್ಲೇ ಇದ್ದಳು. ಮಂಗಳೂರಿನವಳು, ನನ್ನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದವಳು. ಕನ್ನಡದಲ್ಲೇ ಕೇಳಿದಳು: "ಅರವತ್ನಾಲ್ಕೇ ಉಂಟಲ್ಲ ಸರ್? ಅರವತ್ತೆಂಟು ಎಲ್ಲಿಂದ ಬಂತು?"

"ನೀನು ಸುಮ್ನಿರಮ್ಮ."

"ಎಂತ ಸುಮ್ಮನಿರುದು ಮಾರಾಯ್ರೆ! ಬೇಡ ಅಂತಾದ್ರೆ ಬೇಡ ಅಂತ ಹೇಳಿ. ಲೆಕ್ಕ ಯಾಕೆ ಸುಳ್ಳು ಹೇಳುದು?"

ಅವಿಗೈಲ್‌ಗೆ ನಮ್ಮ ಮಾತು ತಿಳಿಯಲಿಲ್ಲ. ಪ್ರೂಫನ್ನು ಬಹಳ ಹೊತ್ತು ತಿರುವಿದರು. ನಾಲ್ಕು ಪುಟದ ಕವಿತೆಗಳು ಎರಡೇ ಇದ್ದವು. ಇನ್ನೊಂದು ಅವರ ತಾಯಿಯ ಮೇಲಿನದು, ಅದನ್ನು ಬಿಡಲಾರರು, ಬೂಟಿನದನ್ನೇ ತೆಗೆಯುತ್ತಾರೆ ಎಂದು ನನ್ನ ಲೆಕ್ಕಾಚಾರ. ಅವರು ತಾಯಿಯದನ್ನೇ ಹೊರಗೆಳೆದರು. ವರ್ಷಗಟ್ಟಲೆ ಮಗಳಿಗೆ ಬಾಯಿ ಮುಚ್ಚಿಕೊಂಡಿರು ಎಂದ ತಾಯಿ, ಕೊನೆಯ ವಿಚಾರಣೆಯ ದಿನ ಹೇಳದೆ ಕೇಳದೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ನಿಂತ ಮಗಳಿಗೆ ತಾಯಿಯ ಕೆಮ್ಮು ಕೇಳುತ್ತಿತ್ತು. ಅಷ್ಟೇ ಕವಿತೆ.

"ಅಮ್ಮನಿಗೆ ಹುಷಾರಿಲ್ಲ," ಎಂದರು. "ನೀನು ಬಂದದ್ದು ಗೊತ್ತು, ಈಗ ಸಿಟ್ಟಿಲ್ಲ ಎಂದು ಅವಳಿಗೆ ಬಾಯಿಬಿಟ್ಟು ಹೇಳಲು ನನ್ನಿಂದಾಗದು. ಅಚ್ಚಾಗಿ ಬಂದರೆ ಓದುತ್ತಾಳೆ ಅಂದುಕೊಂಡಿದ್ದೆ. ಆದರೆ ಬೂಟಿನ ಕವಿತೆಗೆ ಬೇರೆ ಹೆಂಗಸರು ಕಾಯುತ್ತಿದ್ದಾರೆ. ಅಮ್ಮನದು ಮುಂದಿನ ಪುಸ್ತಕಕ್ಕಿರಲಿ." ಕಣ್ಣೊರೆಸಿಕೊಂಡು, ತಾಳ್ಮೆಯಿಂದ ವಿವರಿಸಿದ್ದಕ್ಕೆ ನನಗೆ ಅಸಾಂಟೆ ಎಂದು ಸ್ವಾಹಿಲಿಯಲ್ಲಿ ಕೃತಜ್ಞತೆ ಹೇಳಿ ಹೋದರು. ಥೂ, ಆ ಅಸಾಂಟೆ ನನಗೆ ಇವತ್ತಿಗೂ ಚುಚ್ಚುತ್ತದೆ.

ಹೆದರುತ್ತಾ ಯಜಮಾನರ ಹತ್ತಿರ ಹೋಗಿ, ಆ ಕವಿತೆ ಉಳಿದುಬಿಟ್ಟಿದೆ ಸಾರ್ ಎಂದೆ. ಔಷಧ ಕಂಪನಿಯ ಆರ್ಡರಿನಲ್ಲಿ ಮುಳುಗಿದ್ದ ಅವರು ತಲೆ ಎತ್ತಿ, "ಯಾವ ಕವಿತೆ?" ಎಂದರು. ನೆನಪು ಮಾಡಿದ ಮೇಲೆ, "ಇರಲಿ ಬಿಡಿ, ಯಾರು ಓದ್ತಾರೆ," ಎಂದು ಕೈಯಾಡಿಸಿದರು.

ಆಗ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಅಚ್ಚು ಹಾಕುವ ಪ್ಲೇಟ್ ಇನ್ನೂ ಆಗಿರಲಿಲ್ಲ. "ಸರ್, ಅಮ್ಮಂದು ವಾಪಸ್ ಹಾಕುವಾ. ಐದು ನಿಮಿಷದ ಕೆಲಸ," ಎಂದು ಗ್ರೇಸಿ ಎರಡು ಸಲ ಹೇಳಿದಳು. ಹಾಕಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಯಜಮಾನರು ಹೇಳಿದರು, ಮಾಡಿದೆ ಎಂದು ಮೇಕೆಯ ಬಾಯಿಗೆ ಮೊಸರು ಒರೆಸುವ ಹಾಗೂ ಇಲ್ಲ. ಅವರು ಆ ಮಾತನ್ನು ಬಿಟ್ಟಾಗಿತ್ತು, ನಾನು ಸುಳ್ಳನ್ನು ಬಿಡಲಿಲ್ಲ. ಅರವತ್ತು ಪುಟ ತುಂಬಿ, ಕೊನೆಯಲ್ಲಿ ನಾಲ್ಕು ಪುಟ ಖಾಲಿ, ಹಾಗೇ ಅಚ್ಚು ಹಾಕಿಸಿದೆ.

ತಿಂಗಳೊಪ್ಪತ್ತಿನ ನಂತರ ಅವಿಗೈಲ್ ಪುಸ್ತಕ ಹಿಡಿದುಕೊಂಡು ಬಂದರು. ಮುಖ ಇಳಿದುಹೋಗಿತ್ತು. ಮೊದಲ ಪ್ರತಿಯನ್ನು ಊರಿಗೆ ಹೋಗುವವರ ಕೈಯಲ್ಲಿ ತಾಯಿಗೆ ಕಳಿಸಿದ್ದರಂತೆ. ಮುದುಕಿ ಹಾಸಿಗೆಯಲ್ಲೇ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳಂತೆ. ಅದರಲ್ಲಿ ತಾಯಿಯ ಸುದ್ದಿ ಇದ್ದದ್ದು ಒಂದೇ ಕಡೆ, ಬೂಟಿನ ಕವಿತೆಯಲ್ಲಿ: ಬಾಯಿ ಮುಚ್ಚಿಕೊಂಡಿರು ಎಂದಳು ನನ್ನಮ್ಮ. ಫೋನಿನಲ್ಲಿ, "ನನ್ನ ಬಗ್ಗೆ ಇಷ್ಟೇನಾ?" ಎಂದು ಕೇಳಿದಳಂತೆ. ಆ ಕವಿತೆಯನ್ನು ಎದುರು ಕೂತು ಓದಿ ಹೇಳಬೇಕೆಂದು ಮಗಳು ವಿಮಾನ ಹತ್ತುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು.

ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ, ಹಾಗಾಗಿ ಹೀಬ್ರೂ ಪುಸ್ತಕ ಮುಗಿಯುವುದು ನಮ್ಮ ಪುಸ್ತಕ ಶುರುವಾಗುವ ಕಡೆಯಲ್ಲಿ. ಅವರು ನನ್ನ ಮೇಜಿನ ಮೇಲಿಟ್ಟಾಗ ರಟ್ಟು ತೆರೆದದ್ದೇ ಆ ಖಾಲಿ ಪುಟಗಳಿಗೆ. ಒಂದೊಂದನ್ನೇ ಬೆರಳಿಟ್ಟು ಎಣಿಸಿದರು. ಗ್ರೇಸಿ ಎದ್ದು ಹೊರಗೆ ಹೋದಳು.

"ಜಾಗ ಇತ್ತು," ಎಂದರು ಅವಿಗೈಲ್.

ನಾನು ಎಲ್ಲವನ್ನೂ ಹೇಳಿದೆ. ಕಿರುಚಾಡುತ್ತಾರೆ ಎಂದುಕೊಂಡಿದ್ದೆ, ಇಲ್ಲ. "ಬೇಡ ಎಂದು ಮುಖಕ್ಕೆ ಹೇಳಿದ್ದರೆ ಜಗಳವಾಡುತ್ತಿದ್ದೆ. ಜಗಳ ನನಗೆ ಗೊತ್ತು. ಆ ಕೋರ್ಟಿನಲ್ಲೂ ಒಂಬತ್ತು ವರ್ಷ ಯಾರೂ ಬೇಡ ಅನ್ನಲಿಲ್ಲ. ಕಾಗದ ಸರಿಯಿಲ್ಲ, ಕಾಗದ ಸರಿಯಿಲ್ಲ ಅಂದರು, ಅಷ್ಟೇ."

ನನಗೆ ಕ್ಷಮೆ ಕೇಳುವುದಕ್ಕೂ ಬರಲಿಲ್ಲ. ಬಾಯಿಗೆ ಬಂದದ್ದು ಕಸುಬಿನ ಮಾತೇ. "ಮುಂದಿನ ಮುದ್ರಣದಲ್ಲಿ ಸೇರಿಸೋಣ ಮೇಡಂ," ಎಂದೆ.

"ಯಾರು ಓದಲಿ ಅಂತ?" ಎಂದರು.

ಮೂವತ್ನಾಲ್ಕು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟು: ಬೇಡ ಎನ್ನುವ ಧೈರ್ಯ ಇಲ್ಲದವನು ಲೆಕ್ಕದ ಹಿಂದೆ ಅಡಗಿ ಕೂರಬಾರದು. ಅದನ್ನು ನಾನು ಕಲಿಯಲಿಕ್ಕೆ ಒಬ್ಬ ತಾಯಿ, ಮಗಳು ತನ್ನನ್ನು ಕ್ಷಮಿಸಿದ್ದಾಳೆಂದು ತಿಳಿಯದೆಯೇ ಸಾಯಬೇಕಾಯಿತು.