ಬೇವಿನ ಮರ ಅಡ್ಡ ಇರಲಿಲ್ಲ

ಜಯಮ್ಮನವರೇ, ನಿಮ್ಮ ಬೇವಿನ ಮರದ ತಪ್ಪೇನೂ ಇರಲಿಲ್ಲ. ಇಂಟರ್ನೆಟ್ ಕೆಟ್ಟದ್ದು ನನ್ನಿಂದ. ಸುಳ್ಳು ಹೇಳಿದ್ದೂ ನಾನೇ. ಮೂರು ಯುಗಾದಿ ಕಳೆದ ಮೇಲೆ ಇದನ್ನು ಹೇಳುತ್ತಿದ್ದೇನೆ—ನಾಚಿಕೆಯಾಗಬೇಕು ನನಗೆ, ಆಗುತ್ತಿದೆ.

ಸಹಕಾರನಗರದಲ್ಲಿ ನನ್ನದೊಂದು ಪುಟ್ಟ ಅಂಗಡಿ. ಯಲಹಂಕ ದಾಟಿದ ಮೇಲೆ, ಕೇಬಲ್ ಬಾರದ ಹಳ್ಳಿಗಳಲ್ಲಿ ತಾರಸಿಯ ಮೇಲೆ ಕಂಬ ನಿಲ್ಲಿಸಿ, ಮೊಬೈಲ್ ಸಿಗ್ನಲ್ ಹಿಡಿಯುವ ಆಂಟೆನಾ ಕೂರಿಸಿ, ಮನೆಯೊಳಗೆ ಇಂಟರ್ನೆಟ್ ತರಿಸಿಕೊಡುವುದು ನನ್ನ ಕಸುಬು. ನಿಮ್ಮ ಮನೆಗೆ ಹಾಕಿದ ದಿನ ಎಷ್ಟು ಜಂಬ ಕೊಚ್ಚಿಕೊಂಡಿದ್ದೆ! "ನಾನ್ ಹಾಕಿದ್ರೆ ಹಾಕ್ದಂಗೆ ಅಮ್ಮಾ, ಇನ್ನೊಂದ್ಸಲ ಏಣಿ ಹತ್ತೋ ಪ್ರಮೇಯಾನೇ ಇಲ್ಲ." ನಿಮ್ಮ ಸೊಸೆ ರೇಖಾ ನಕ್ಕಿದ್ದರು. ಮಡಿಲಲ್ಲಿ ಕೂಸು, ಕಿವಿಗೆ ಹೆಡ್‌ಫೋನ್—ಕಂಪನಿಯೊಂದರ ಗ್ರಾಹಕರ ಕರೆಗಳಿಗೆ ಮನೆಯಿಂದಲೇ ಉತ್ತರಿಸುವ ಕೆಲಸ ಅವರದು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಮಳೆ ಬಂದು ಹೋದ ಮೇಲೆ ಮಾತಿನ ನಡುವೆ ಕರೆ ಕಡಿಯತೊಡಗಿತು. ಇನ್ನೂ ಹೀಗೇ ಆದರೆ ದಿನಾ ಆಫೀಸಿಗೆ ಬನ್ನಿ, ಇಲ್ಲದಿದ್ದರೆ ಕೆಲಸ ಬಿಡಿ ಎಂದರಂತೆ ಕಂಪನಿಯವರು. ಎಳೆಗೂಸನ್ನು ಬಿಟ್ಟು, ಎರಡು ಬಸ್ ಬದಲಿಸಿ ಹೋಗುವುದಾದರೂ ಹೇಗೆ? ಫೋನಿನಲ್ಲಿ ರೇಖಾ ಕೇಳಿದ್ದು ಇದನ್ನೇ. ನಾನು ಅವತ್ತೇ ಬಂದೆ.

ತಾರಸಿ ಹತ್ತಿ, ಆಂಟೆನಾದ ಹಿಂದೆ ವೈರ್ ಸೇರುವ ಜಾಯಿಂಟ್ ಬಿಚ್ಚಿದೆ. ಅಂಗೈ ಮೇಲೆ ನೀರು ತೊಟ್ಟಿಕ್ಕಿತು. ಮಳೆ ನೀರು ಇಳಿಯದಂತೆ ಅಲ್ಲಿಗೆ ರಬ್ಬರ್ ಟೇಪ್ ಸುತ್ತಬೇಕು. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಅದು. ಆವತ್ತು ಮಾತಿನ ಭರದಲ್ಲಿ ನಾನು... ಅಲ್ಲ, ನೆಪ ಬೇಡ. ಸುತ್ತಿರಲಿಲ್ಲ, ಅಷ್ಟೆ.

ಕೆಳಗೆ ನೀವು ಮರದ ನೆರಳಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಿರಿ. ತಮಗೂ ಆಂಟೆನಾ ಹಾಕಿಸೋಣವೇ ಎಂದು ನೋಡಲು ಬಂದ ಅಕ್ಕಪಕ್ಕದ ಮೂರು ಮನೆಯವರು ಕತ್ತೆತ್ತಿ ನಿಂತಿದ್ದರು. "ಏನಾಗೈತಪ್ಪಾ ಮಂಜಣ್ಣ?" ಎಂದಿರಿ. ಚೀಲದಲ್ಲಿ ಬದಲಿ ಜಾಯಿಂಟ್ ಇರಲಿಲ್ಲ. ಅಷ್ಟು ಜನರೆದುರು ನನ್ನದೇ ತಪ್ಪು ಅನ್ನಲು ನಾಲಿಗೆ ಏಳಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ—

"ಬೇವಿನ ಮರ ಅಡ್ಡ ಬರ್ತಿದೆ ಅಮ್ಮಾ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟವರ್ ಇದ್ದದ್ದು ಮರದ ದಿಕ್ಕಿನಲ್ಲೇ ಅಲ್ಲ. ಆದರೆ ಆ ಮರವನ್ನು ನೀವು ಕಡಿಸುವುದಿಲ್ಲ ಎಂಬ ಖಾತ್ರಿ ನನಗಿತ್ತು. ಯುಗಾದಿಯ ಬೆಳಿಗ್ಗೆ ಬೇವಿನ ಹೂವಿಗೆ ಇಡೀ ಬೀದಿ ನಿಮ್ಮ ಅಂಗಳಕ್ಕೆ ಬರುತ್ತದೆಂದು ನೀವೇ ಹೇಳಿದ್ದಿರಲ್ಲ! ಎರಡು ದಿನ ಬಿಟ್ಟು ಬಂದು, ಗುಟ್ಟಾಗಿ ಜಾಯಿಂಟ್ ಬದಲಿಸಿ, ಆಂಟೆನಾ ಸ್ವಲ್ಪ ತಿರುಗಿಸಿದೆ ಅಂದರೆ ಆಯಿತು ಎಂದುಕೊಂಡಿದ್ದೆ.

ಮೂರನೆಯ ದಿನ ಬಂದಾಗ ಅಂಗಳದ ತುಂಬ ಬಿಸಿಲು. ಮರ ನೆಲದ ಮೇಲಿತ್ತು. ಅಯ್ಯೋ ಶಿವನೇ! "ಓಗ್ಲಿ ಬಿಡಪ್ಪ," ಎಂದಿರಿ ನೀವು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಮರ ಇನ್ನೊಂದ್ ಬೆಳ್ಕೊಂತದೆ. ಉಡ್ಗಿ ಕೆಲ್ಸ ಓದ್ರೆ ಬತ್ತದಾ?"

ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಏಣಿ ಹತ್ತಿದೆ. ಹೊಸ ಜಾಯಿಂಟ್ ಹಾಕಿ, ಟೇಪ್ ಸುತ್ತಿ ಇಳಿದೆ. "ಬಂತು, ಬಂತು!" ಎಂದು ಒಳಗಿನಿಂದ ರೇಖಾ ಕೂಗಿದರು. ನೀವು ನನಗೆ ಕೈಮುಗಿದಿರಿ. ಕಾಫಿ ಕೊಟ್ಟಿರಿ. ಕುಡಿದೆ ಅಮ್ಮಾ, ಕುಡಿದೆ. ಪಕ್ಕದ ಮೂರು ಮನೆಗೂ ನಾನೇ ಆಂಟೆನಾ ಹಾಕಿದೆ.

ಅಲ್ಲಿಗೇ ಮುಗಿದಿದ್ದರೆ ಹೇಡಿಯಂತೆ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಈ ಯುಗಾದಿಯ ದಿನ ಪಕ್ಕದ ಮನೆಗೆ ರಿಪೇರಿಗೆ ಬಂದ ನನ್ನನ್ನು ನೀವು ಕರೆದು ಬೇವು-ಬೆಲ್ಲ ಕೊಟ್ಟಿರಿ. ಹೂ ಎಲ್ಲಿಂದ ಎಂದು ಕೇಳಿದೆ. ರೇಖಾ ಬೇಗ ಎದ್ದು ಯಲಹಂಕದ ಮಾರುಕಟ್ಟೆಯಿಂದ ತರುತ್ತಾರಂತೆ—ಬೀದಿಗೆಲ್ಲ ಹಂಚುವಷ್ಟು, ಮರ ಹೋದಾಗಿನಿಂದ ಪ್ರತಿ ಯುಗಾದಿಗೂ. ಅಷ್ಟರಲ್ಲಿ ಹೂ ಒಯ್ಯಲು ಬಂದ ಹೆಂಗಸೊಬ್ಬರು ನಗುತ್ತಲೇ ಅಂದರು: "ಸೊಸೆ ಕಾಲ್ಗುಣ ನೋಡವ್ವ, ಮರಾನೇ ನುಂಗ್ಬುಡ್ತು." ರೇಖಾ ತಲೆ ತಗ್ಗಿಸಿಕೊಂಡು ಹೂ ಹಂಚುತ್ತಲೇ ಇದ್ದರು. ಅವರ ಮಟ್ಟಿಗೆ ಇದೇನೂ ಹೊಸ ಮಾತಾಗಿರಲಿಲ್ಲ.

ನನ್ನ ತಪ್ಪನ್ನು ಆ ಹೆಣ್ಣುಮಗಳು ಮೂರು ವರ್ಷದಿಂದ ಹೊತ್ತಿದ್ದಾಳೆ. ಆದರೂ, ನೋಡಿ, ಅವತ್ತೂ ಹೇಳದೆ ಬಂದೆ.

ಒಂದು ಬೇವಿನ ಸಸಿ ತಂದುಕೊಡೋಣ ಎಂದುಕೊಂಡೆ. ಬೇಡ. ಸಸಿ ಹಿಡಿದು ಬಂದರೆ ನೀವು ಮತ್ತೆ ನನಗೇ ಕೈಮುಗಿಯುತ್ತೀರಿ. ಈ ಕಾಗದವನ್ನೂ ಕಳಿಸುವುದಿಲ್ಲ. ಕಣ್ಣು ಕಾಣಿಸದೆಂದು ನೀವು ಇದನ್ನು ಓದಿಸುವುದು ರೇಖಾ ಅವರಿಂದಲೇ. ನಾನು ಆಡಬೇಕಾದ ಮಾತನ್ನು ಅವರ ಬಾಯಿಂದ ಆಡಿಸಿದಂತಾಗುತ್ತದೆ. ಎದುರು ನಿಂತಾಗ ನಾಲಿಗೆ ತೊದಲಬಾರದೆಂದು ಬರೆದುಕೊಂಡೆ, ಅಷ್ಟೆ.

ಭಾನುವಾರ ನೀವಿಬ್ಬರೂ ಮನೆಯಲ್ಲಿರುವ ಹೊತ್ತಿಗೆ ಬರುತ್ತೇನೆ. ಏಣಿ, ಚೀಲ ಏನೂ ತರುವುದಿಲ್ಲ. ನಿಮ್ಮಿಬ್ಬರಿಗೂ ಹೇಳಿದ ಮೇಲೆ ಬೀದಿಯ ಒಂದೊಂದು ಮನೆಯ ಬಾಗಿಲಿಗೂ ಹೋಗಿ, ಮರ ನುಂಗಿದ್ದು ನನ್ನ ಬಾಯಿ ಎಂದು ಹೇಳುತ್ತೇನೆ.