ಅತ್ತೆ ಕಟ್ಟಿಕೊಟ್ಟ ಬಣ್ಣ

ನನ್ನ ಫೋನಿನಲ್ಲಿ ಒಣದ್ರಾಕ್ಷಿಯ ನಾಲ್ಕುನೂರು ಫೋಟೋಗಳಿವೆ. ಚಿತ್ರ ಬರೆಯಲು ಕೂತರೆ ಒಂದೂ ಕೆಲಸಕ್ಕೆ ಬರುವುದಿಲ್ಲ. ಕಳ್ಳಕವಟಗಿಯಲ್ಲಿರುವ ನನ್ನ ಅತ್ತೆಯ, ಅಂದರೆ ನಮ್ಮಪ್ಪನ ಅಕ್ಕನ, ಶೆಡ್ಡಿನಲ್ಲಿ ಜಾಲರಿಯ ಮೇಲೆ ಒಣಗುವ ದ್ರಾಕ್ಷಿ ದಿನಕ್ಕೊಂದು ಬಣ್ಣ ತಿರುಗುತ್ತದೆ. ಈ ಹಾಳು ಫೋನು ಎಲ್ಲವನ್ನೂ ಬೆಲ್ಲದ ಬಣ್ಣ ಮಾಡಿಡುತ್ತದೆ.

ನನ್ನ ಗೊಣಗಾಟ ಕೇಳಲಾರದೆ ಅತ್ತೆಯೇ ದಾರಿ ಹುಡುಕಿದಳು. ಒಂದೊಂದು ಜಾಲರಿಯಿಂದ ಒಂದೊಂದು ಹಿಡಿ ತೆಗೆದು ಬೇರೆ ಬೇರೆ ಪೊಟ್ಟಣ ಕಟ್ಟಿದಳು. ಒಣಹಾಕಿ ಎಷ್ಟು ದಿನವಾಯಿತೆಂದು ಪ್ರತಿಯೊಂದರ ಮೇಲೂ ಬರೆದಳು.

"ಬಣ್ಣಕ್ಕಂತ ಕೊಟ್ಟೇನಿ ನೋಡಪಾ, ಬಾಯಿಗಲ್ಲ," ಎಂದು ಟಿಕೋಟಾದಲ್ಲಿ ಬಸ್ಸು ಹತ್ತಿಸಿದಳು.

ಜಲನಗರದ ಮನೆಯಲ್ಲಿ ಪೊಟ್ಟಣಗಳನ್ನು ಕಿಟಕಿಯ ಬಳಿ ಬಿಚ್ಚಿಟ್ಟುಕೊಂಡು ಇಡೀ ಶೆಡ್ಡನ್ನೇ ಬರೆದೆ. ಬೆಳಕು ಚೆನ್ನಾಗಿ ಬಂದಿದೆ ಎಂದು ಗೆಳೆಯರೆಲ್ಲ ಹೊಗಳಿದರು.

ಮುಂದಿನ ತಿಂಗಳು ಅತ್ತೆ ಮನೆಗೆ ಬಂದಳು. ಬೆಳಕಿನ ಗೊಡವೆಗೇ ಹೋಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಚಿತ್ರದ ಒಂದೊಂದೇ ಜಾಲರಿಗೆ ಬೆರಳು ತೋರಿಸುತ್ತ ಹೋದಳು.

"ಇದು ಮೂರ ದಿನದ್ದು. ಇದು ಆರ ದಿನದ್ದು. ಇದು ಒಂಬತ್ತು."

ಒಂದೂ ತಪ್ಪಲಿಲ್ಲ. ನನಗೆ ಹೆಮ್ಮೆಯಿಂದ ಎದೆಯುಬ್ಬಿತು. ಆಮೇಲೆ ಕೊನೆಯ ಜಾಲರಿಯ ಮುಂದೆ ಆ ಬೆರಳು ನಿಂತಿತು. ಅದೊಂದನ್ನು ಮಾತ್ರ ನಾನು ಫೋನು ನೋಡಿ ಬರೆದಿದ್ದೆ.

ಅತ್ತೆ ಬಹಳ ಹೊತ್ತು ನೋಡಿದಳು, ಮೊದಲು ಚಿತ್ರವನ್ನು, ಆಮೇಲೆ ನನ್ನನ್ನು.

"ಹನ್ನೆರಡ ದಿನದ್ದು ಬಸ್ಸಿನ್ಯಾಗ ತಿಂದಿ, ಹೌದಿಲ್ಲೋ?"